ಡೋಲ್ ವಿಪ್‌ಗೆ ಉಪ್ಪು ಖಾರ

ಡಿಸ್ನಿಲ್ಯಾಂಡಿಗೆ ಹೋಗಿ ಡೋಲ್ ವಿಪ್ ಎಂಬ ಅನಾನಸ್ ರುಚಿಯ ಮೆತ್ತನೆ ಐಸ್ ತಿನ್ನದೆ ಬರುವ ಹಾಗಿಲ್ಲ ಎಂದು ತಮ್ಮನ ಮಗಳು ಹಿಂದಿನ ರಾತ್ರಿಯೇ ಫರ್ಮಾನು ಹೊರಡಿಸಿದ್ದಳು. ತಮ್ಮನ ಮನೆ ಇರುವುದು ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ, ಅಲ್ಲಿಂದ ಡಿಸ್ನಿಲ್ಯಾಂಡ್ ಇರುವ ಅನಾಹೈಮ್ ಏನು ದೂರವಲ್ಲ. ಜುಲೈ ತಿಂಗಳ ಬಿಸಿಲು, ಅಮ್ಮನಿಗೆ ಮಂಡಿನೋವು ಬೇರೆ. ಮಧ್ಯಾಹ್ನದ ಹೊತ್ತಿಗೆ, "ನನ್ನ ಎಲ್ಲಾದ್ರೂ ನೆರಳಲ್ಲಿ ಕೂರ್ಸಿ, ನೀವು ಸುತ್ತಾಡ್ಕೊಂಡು ಬನ್ನಿ" ಅಂದುಬಿಟ್ಟಳು.

ಪಾರ್ಕಿನ ಅಡ್ವೆಂಚರ್‌ಲ್ಯಾಂಡ್ ಎಂಬ ಭಾಗದ ಬಾಗಿಲಲ್ಲೇ ಟಿಕಿ ರೂಮ್ ಇದೆ. ಹಾಡುವ ಯಂತ್ರದ ಹಕ್ಕಿಗಳ ಪ್ರದರ್ಶನ, 1963ರಿಂದ ನಡೆಯುತ್ತಿದೆ. ವಾಲ್ಟ್ ಡಿಸ್ನಿ ಮೊದಲು ಅಲ್ಲಿ ಊಟದ ಹೋಟೆಲ್ ಮಾಡಬೇಕೆಂದಿದ್ದನಂತೆ. ಪಕ್ಕದ ಟಿಕಿ ಜ್ಯೂಸ್ ಬಾರ್‌ನಲ್ಲಿ ಸಿಗುವುದೇ ಈ ಡೋಲ್ ವಿಪ್. ಹವಾಯಿಯ ಅನಾನಸ್ಸಿನಿಂದ ಬೆಳೆದ ಡೋಲ್ ಕಂಪನಿ 1976ರಲ್ಲಿ ಟಿಕಿ ರೂಮಿನ ಪ್ರಾಯೋಜಕನಾಯಿತು. ಮೊದಲು ಬರೀ ಜ್ಯೂಸ್ ಇತ್ತು, ವಿಪ್ ಬಂದದ್ದು ಎಂಬತ್ತರ ದಶಕದಲ್ಲಿ.

ತಮ್ಮ ಎರಡು ಕಪ್ ಹಿಡಿದು ಬಂದ. ಒಂದರಲ್ಲಿ ಬರೀ ವಿಪ್, ತಿಳಿಹಳದಿ ಬಣ್ಣ, ಚಕ್ಕುಲಿ ಸುತ್ತಿದ ಹಾಗೆ ಮೇಲಕ್ಕೆ ಸುತ್ತಿಕೊಂಡಿತ್ತು. ಇನ್ನೊಂದು ಫ್ಲೋಟ್, ಅಂದರೆ ಕೆಳಗೆ ಅನಾನಸ್ ರಸ, ಮೇಲೆ ಅದೇ ವಿಪ್.

"ಮೊಟ್ಟೆಗಿಟ್ಟೆ ಇಲ್ಲ ತಾನೆ?"

"ಮೊಟ್ಟೆ ಹಾಗಿರ್ಲಿ, ಹಾಲೂ ಇಲ್ಲಮ್ಮ. ಕೊಬ್ಬರಿ ಎಣ್ಣೆ ಹಾಕ್ತಾರೆ."

ಅಮ್ಮನ ತವರು ಬನವಾಸಿ ಕಡೆ, ಅನಾನಸ್ ಸೀಮೆ. ಹಣ್ಣಿನ ಬುಡ ಮೂಸಿಯೇ ಅದು ಮಾಗಿದ್ದೋ ಇಲ್ಲವೋ ಹೇಳಿಬಿಡುತ್ತಾಳೆ. ಒಂದು ಚಮಚ ಬಾಯಿಗಿಟ್ಟು, ಕಣ್ಣು ಸಣ್ಣದು ಮಾಡಿ, "ಹಣ್ಣು ರುಬ್ಬಿದ್ದಲ್ಲ ಇದು, ನಾರೇ ಸಿಗ್ತಿಲ್ಲ" ಅಂದಳು. ನಿಜವೇ. ಸಕ್ಕರೆ ಮತ್ತು ಪರಿಮಳ ಸೇರಿದ ಪುಡಿಗೆ ನೀರು ಬೆರೆಸಿ ಮೆಷಿನ್ನಿಗೆ ಸುರಿಯುತ್ತಾರೆ. ಅದು ತಣಿಸುತ್ತಲೇ ಗಾಳಿ ತುಂಬಿ ಕಡೆಯುತ್ತದೆ. ಆದರೆ ಹುಳಿ ಮಾತ್ರ ಚೆನ್ನಾಗಿದೆ. ಆ ಬಿಸಿಲಿಗೆ ಹಾಲಿನ ಐಸ್‌ಕ್ರೀಮಿಗಿಂತ ಇದೇ ಸರಿ, ಗಂಟಲಲ್ಲಿ ಅಂಟುವುದಿಲ್ಲ. ಇಷ್ಟು ಹೆಸರು ಮಾಡುವಂಥದ್ದೇನಿದೆ ಅಂತ ಕೇಳಿದರೆ, ನನಗೆ ಫ್ಲೋಟ್ ಹಿಡಿಸಿತು, ಬರೀ ವಿಪ್ ಅರ್ಧಕ್ಕೇ ಸಾಕೆನಿಸಿತು. ಸಿಹಿ ಜಾಸ್ತಿ.

ಅಮ್ಮನಿಗೂ ಹಾಗೇ ಅನ್ನಿಸಿರಬೇಕು. ಬ್ಯಾಗಿನಿಂದ ಪುಟ್ಟ ಸ್ಟೀಲ್ ಡಬ್ಬಿ ತೆಗೆದಳು. ಅಮೆರಿಕದ ಸೇಬು ಸಪ್ಪೆ ಎಂದು ಹೋದಲ್ಲೆಲ್ಲ ಒಯ್ಯುತ್ತಿದ್ದ ಉಪ್ಪು-ಖಾರದ ಪುಡಿ. ಮೊಮ್ಮಗಳು "ಅಜ್ಜಿ, ನೋ!" ಎಂದು ಕಿರುಚುವಷ್ಟರಲ್ಲಿ ಚಿಟಿಕೆ ಉದುರಿಸಿ ಆಗಿತ್ತು. ಹಳದಿಯ ಮೇಲೆ ಕೆಂಪು ಕರಗುತ್ತಾ ಇಳಿಯಿತು. ನಾನೂ ಚಮಚ ಹಾಕಿದೆ. ಮೊದಲು ತಂಪು, ಆಮೇಲೆ ಹುಳಿ, ನುಂಗಿದ ಮೇಲೆ ನಾಲಿಗೆಯ ತುದಿಯಲ್ಲಿ ಖಾರ. ಮೊಮ್ಮಗಳು ಮುಖ ಕಿವುಚಿಕೊಂಡೇ ಮೂರು ಚಮಚ ತಿಂದಳು. ಪಕ್ಕದ ಬೆಂಚಿನಲ್ಲಿ ಸ್ಪ್ಯಾನಿಶ್ ಮಾತಾಡುತ್ತಿದ್ದ ಅಜ್ಜಿಯೊಬ್ಬರು ನೋಡಿ ನಗುತ್ತಾ ತಲೆಯಾಡಿಸಿದರು. ಅವರಿಗೇನೂ ವಿಚಿತ್ರ ಅನ್ನಿಸಿದ ಹಾಗಿರಲಿಲ್ಲ. ಲಾಸ್ ಏಂಜಲೀಸಿನ ರಸ್ತೆಬದಿಯ ಗಾಡಿಗಳಲ್ಲೂ ಹಣ್ಣಿಗೆ ಖಾರದ ಪುಡಿ, ನಿಂಬೆರಸ ಹಾಕಿಯೇ ಕೊಡುತ್ತಾರಲ್ಲ!

ಮನೆಯಲ್ಲಿ ಮಾಡುವ ವಿಧಾನವನ್ನು ಡಿಸ್ನಿಯವರೇ 2020ರ ಲಾಕ್‌ಡೌನ್ ಹೊತ್ತಲ್ಲಿ ಕೊಟ್ಟಿದ್ದರು: ಫ್ರೀಜ್ ಮಾಡಿದ ಅನಾನಸ್, ಅನಾನಸ್ ರಸ, ವೆನಿಲಾ ಐಸ್‌ಕ್ರೀಮ್. ಊರಿಗೆ ಬಂದ ಮೇಲೆ ಓದಿ ಹೇಳಿದೆ. "ಹಸಿ ಅನಾನಸ್ಸಿಗೆ ಹಾಲು ಸೇರಿದ್ರೆ ಕಹಿಯಾಗತ್ತೆ" ಎಂದು ಅಮ್ಮ ಐಸ್‌ಕ್ರೀಮನ್ನು ತಳ್ಳಿಹಾಕಿದಳು. ಹಣ್ಣಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಬರುವ ಕಹಿ ಅದು. ಫ್ರೀಜರಿನಲ್ಲಿಟ್ಟರೂ ಕಿಣ್ವ ಸಾಯುವುದಿಲ್ಲ, ತಕ್ಷಣ ತಿಂದರೆ ಗೊತ್ತಾಗುವುದಿಲ್ಲ ಅಷ್ಟೆ.

ಈಗ ನಮ್ಮನೆಯಲ್ಲಿ ತೆಂಗಿನಹಾಲಿನದ್ದೇ ನಡೆಯುತ್ತದೆ. ಹಣ್ಣಿನ ಹೋಳುಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಮೊದಲ ಸಲ ಹಿಂಡಿದ ಗಟ್ಟಿ ಹಾಲೇ ಆಗಬೇಕು, ನೀರುಹಾಲು ಹಾಕಿದರೆ ಬರೀ ಐಸಿನ ಹರಳು ಸಿಗುತ್ತದೆ.