ಕೋಪನ್‌ಹೇಗನ್ ಹೆಸರಿನ ನಕ್ಷೆ: ಬಣ್ಣ ಹಚ್ಚುವ ಹಂತ

ಯುರೋಪಿನ ಖಾಲಿ ನಕ್ಷೆಯಲ್ಲಿ ಒಂದೇ ಊರಿನ ಹೆಸರನ್ನು ಆಯಾ ದೇಶದವರು ಕರೆಯುವ ಹಾಗೆ ಬರೆಯುತ್ತಾ ಹೋಗುವುದು ನನ್ನ ಸದ್ಯದ ಹುಚ್ಚು. ಊರು ಡೆನ್ಮಾರ್ಕಿನ ರಾಜಧಾನಿ. ಹೆಸರುಗಳೆಲ್ಲ ಅವುಗಳ ಜಾಗಕ್ಕೆ ಬಂದಿವೆ, ಬಣ್ಣ ಅರ್ಧ ಮುಗಿದಿದೆ.

ಭಾಷಾ ಕುಟುಂಬಕ್ಕೊಂದು ಬಣ್ಣ ಎಂಬ ಯೋಚನೆಯನ್ನು ಕೈಬಿಟ್ಟೆ. ಅಂಥ ನಕ್ಷೆ ಯಾವ ಅಟ್ಲಾಸ್‌ನಲ್ಲಾದರೂ ಸಿಗುತ್ತದೆ, ನಾನ್ಯಾಕೆ ಮತ್ತೆ ಬರೆಯಲಿ? ಈಗ ನೋಡುತ್ತಿರುವುದು ಒಂದನ್ನೇ: ಹೆಸರಿನ ಬಾಲದಲ್ಲಿ ಬಂದರು ಉಳಿದಿದೆಯೋ ಇಲ್ಲವೋ. ಉಳಿದಿದ್ದರೆ ನೀಲಿ, ಇಲ್ಲದಿದ್ದರೆ ಕಂದು.

ಯಾಕೆಂದರೆ ಈ ಊರಿಗೆ ಮೊದಲು ಇದ್ದ ಹೆಸರೇ ಬಂದರು. ಸುಮ್ನೆ ‘ಹಾವ್ನ್’, ಅಷ್ಟೇ. ಓರೆಸುಂಡ್ ಜಲಸಂಧಿಯ ಹೆರಿಂಗ್ ಮೀನಿನ ವ್ಯಾಪಾರ ನಡೆಯುತ್ತಿದ್ದ ಸಣ್ಣ ಜಾಗ ಅದು. ದೊರೆ ಒಂದನೇ ವಾಲ್ಡೆಮಾರ್ ಅದನ್ನು ಬಿಷಪ್ ಅಬ್ಸಲೋನನಿಗೆ ಕೊಟ್ಟ. 1167ರಲ್ಲಿ ಅಬ್ಸಲೋನ್ ಅಲ್ಲಿ ಕೋಟೆ ಕಟ್ಟಿಸಿದ ಎನ್ನುವುದು ವಾಡಿಕೆಯ ಲೆಕ್ಕ. ವರ್ತಕರು ಹೆಚ್ಚಾದಂತೆ ಹೆಸರಿನ ಮುಂದೆ ಅವರೂ ಬಂದು ಸೇರಿಕೊಂಡರು: ವರ್ತಕರ ಬಂದರು. 1200ರ ಆಸುಪಾಸಿನಲ್ಲಿ ಲ್ಯಾಟಿನ್‌ನಲ್ಲಿ ಚರಿತ್ರೆ ಬರೆದ ಸಾಕ್ಸೋ ಕೂಡ ‘ಮರ್ಕಟೋರುಮ್ ಪೋರ್ಟುಸ್’ ಎಂದು ಅದೇ ಅರ್ಥವನ್ನು ಬರೆದಿದ್ದಾನೆ.

ಇದು ಬಿಡಿಬಿಡಿಯಾಗಿ ಕಾಣುವುದು ಐಸ್‌ಲ್ಯಾಂಡಿನಲ್ಲಿ. ಅವರಿಗೆ ಈಗಲೂ ಇದು ‘ಕೌಪ್‌ಮನ್ನಾಹೋಫ್ನ್’. ವರ್ತಕರೂ ಇದ್ದಾರೆ, ಬಂದರೂ ಇದೆ. ಡೇನರ ಬಾಯಲ್ಲಿ ಅದೇ ಸವೆದು ‘ಕೊಬೆನ್‌ಹೌನ್’ ಆಗಿದೆ. ಸ್ವೀಡನ್‌ನವರು ಕ-ಕಾರದಿಂದ ಬರೆದು ಶ-ಕಾರದಿಂದ ಓದುತ್ತಾರೆ: ‘ಶೋಪೆನ್‌ಹಾಮ್ನ್’. ಫಿನ್‌ಲ್ಯಾಂಡಿನವರ ‘ಕೋಪೆನ್‌ಹಾಮಿನಾ’ ಸ್ವೀಡಿಷ್ ‘ಹಾಮ್ನ್’ನಿಂದಲೇ ಬಂದದ್ದು. ಹಾಮಿನಾ ಎಂಬ ಹೆಸರಿನ ಬಂದರು ಊರೊಂದು ಅವರಲ್ಲೂ ಇದೆ. ಇವೆಲ್ಲಕ್ಕೂ ನೀಲಿ ಹಚ್ಚಿಯಾಯಿತು.

ಇನ್ನು ಜರ್ಮನಿ. ಬಂದರು ಕಳೆದುಹೋಗಿದ್ದು ಇಲ್ಲೇ. ಉತ್ತರ ಜರ್ಮನಿಯಲ್ಲಿ ‘ಹಾಗೆನ್’ ಎಂದು ಮುಗಿಯುವ ಊರುಗಳು ಬೇಕಾದಷ್ಟಿವೆ, ಸ್ಟಾವೆನ್‌ಹಾಗೆನ್ ಥರದವು. ಹಾಗೆನ್ ಅಂದರೆ ಬೇಲಿ ಹಾಕಿದ ಜಾಗ. ಡೇನರ ಹೆಸರು ಅವರ ಬಾಯಲ್ಲಿ ‘ಕೋಪೆನ್‌ಹಾಗೆನ್’ ಆಯಿತು. ಬಾಲ್ಟಿಕ್ ವ್ಯಾಪಾರದಲ್ಲಿ ಉತ್ತರ ಜರ್ಮನಿಯವರ ಕೆಳಜರ್ಮನ್ ಭಾಷೆ ಆಗ ಎಷ್ಟು ನಡೆಯುತ್ತಿತ್ತು ಅಂದರೆ, ಇಂಗ್ಲಿಷರು ಕೂಡ ಡೇನರನ್ನು ಕೇಳದೆ ಇದನ್ನೇ ಎತ್ತಿಕೊಂಡರು. ನಮ್ಮ ‘ಕೋಪನ್‌ಹೇಗನ್’ ಇಂಗ್ಲಿಷಿನಿಂದ ಇಳಿದದ್ದು. ಹಾಗಾಗಿ ಕನ್ನಡಕ್ಕೂ ಕಂದೇ ಸರಿ, ನಕ್ಷೆಯ ಅಂಚಿನಲ್ಲಿ.

ದಕ್ಷಿಣದ ಕಡೆ ಹಚ್ಚುವಾಗ ಜಾಸ್ತಿ ಮಜಾ ಬಂತು. ಫ್ರೆಂಚರೂ ಸ್ಪೇನಿನವರೂ ಗ-ಕಾರದ ಪಕ್ಕ ಒಂದು ಯು ಸೇರಿಸುತ್ತಾರೆ, ಇಟಲಿಯವರು ಎಚ್ ಅಕ್ಷರವನ್ನು ಎತ್ತಿ ಗ-ಕಾರದ ಹಿಂದೆ ಇಡುತ್ತಾರೆ. ಇಲ್ಲದಿದ್ದರೆ ‘ಗೆ’ ಇರುವ ಕಡೆ ಇಟಲಿಯವರು ‘ಜೆ’ ಎಂದು ಓದಿಬಿಡುತ್ತಾರೆ. ರಷ್ಯನ್ನರಲ್ಲಿ ಹಳೆಯ ಪರಭಾಷೆಯ ಹೆಸರುಗಳ ಹ-ಕಾರ ಗ-ಕಾರವಾಗುವುದು ರೂಢಿ, ಹ್ಯಾಂಬರ್ಗ್ ‘ಗಾಂಬುರ್ಗ್’ ಆದ ಹಾಗೆ. ಆದ್ದರಿಂದ ‘ಕೊಪೆನ್‌ಗಾಗೆನ್’. ಅವೇ ಅಕ್ಷರಗಳನ್ನು ಉಕ್ರೇನಿನವರು ‘ಕೊಪೆನ್‌ಹಾಹೆನ್’ ಎಂದು ಓದುತ್ತಾರೆ, ಅವರಲ್ಲಿ ಆ ಅಕ್ಷರ ಹ-ಕಾರ. ಬರಹ ಒಂದೇ ಆದರೂ ಉಚ್ಚಾರ ಎರಡು, ಹೀಗಾಗಿ ಕನ್ನಡದಲ್ಲಿ ಉಚ್ಚಾರಣೆಯ ಪಟ್ಟಿಯೊಂದನ್ನು ಕೆಳಗೆ ಅಂಟಿಸಲೇಬೇಕಾಯಿತು. ಬಂದರಿನ ಲೆಕ್ಕಕ್ಕೆ ಮಾತ್ರ ಈ ಇಡೀ ಭಾಗ ಕಂದು.

ಐರಿಷ್‌ನಲ್ಲಿ ‘ಕೋಬನ್‌ಹಾವನ್’. ಬ್ರಿಟನ್ ಕಂದು, ಪಕ್ಕದ ದ್ವೀಪ ನೀಲಿ! ಇಂಗ್ಲಿಷನ್ನು ಬದಿಗಿಟ್ಟು ನೇರವಾಗಿ ಡೇನರ ರೂಪವನ್ನು ಹಿಡಿದ ಹಾಗಿದೆ. ನಕ್ಷೆಯಲ್ಲಿ ನನಗೆ ತುಂಬ ಇಷ್ಟವಾದ ಚುಕ್ಕೆ ಇದೇ.

ಇನ್ನು ಜೆಕ್ಕರು ಮತ್ತು ಸ್ಲೊವಾಕರದು ‘ಕೊಡಾನ್ಯ’. ಇದರಲ್ಲಿ ವರ್ತಕರೂ ಇಲ್ಲ, ಬಂದರೂ ಇಲ್ಲ, ಬೇಲಿಯೂ ಇಲ್ಲ. ಡೆನ್ಮಾರ್ಕಿನ ಸುತ್ತಲಿನ ಸಮುದ್ರವನ್ನು ರೋಮನ್ನರ ಕಾಲದ ಪೊಂಪೋನಿಯಸ್ ಮೇಲಾ ‘ಕೊಡಾನುಸ್’ ಕೊಲ್ಲಿ ಎಂದು ಕರೆದಿದ್ದ. ಈ ಹೆಸರಿನ ವಾಸನೆ ಆ ಕಡೆಯದು. ಇದಕ್ಕೆ ಹಳದಿ.

ನಕ್ಷೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಬಿಟ್ಟಿದ್ದೇನೆ, ಅದರಲ್ಲಿ 72 ಎಂಬ ಅಂಕಿ. ಲ್ಯಾಟಿನ್‌ನಲ್ಲಿ ಈ ಊರು ‘ಹಾಫ್ನಿಯಾ’, ಹಳೆಯ ಹಾವ್ನ್‌ನದೇ ರೂಪ. ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ ಜಿರ್ಕೋನಿಯಂ ಅದಿರಿನಲ್ಲಿ ಹೊಸ ಧಾತುವೊಂದನ್ನು ಪತ್ತೆಹಚ್ಚಿ, 1923ರಲ್ಲಿ ಅದಕ್ಕೆ ಹಾಫ್ನಿಯಂ ಎಂದು ಹೆಸರಿಟ್ಟರು. ಅದರ ಪರಮಾಣು ಸಂಖ್ಯೆಯೇ ಈ 72. ಹಾಗಾಗಿ ಕಂದು ದೇಶಗಳ ರಸಾಯನಶಾಸ್ತ್ರದ ಪುಸ್ತಕಗಳಲ್ಲೂ ಈ ಬಂದರು ಇದೆ. ಚೌಕಕ್ಕೆ ನೀಲಿಯೇ.

ಬಾಕಿ ಇರುವುದು ಗ್ರೀಸ್‌ನ ‘ಕೊಪೆಂಖಾಯಿ’ಯಿಂದ ಲಾಟ್ವಿಯಾದ ‘ಕೊಪೆನ್‌ಹಾಗೆನಾ’ವರೆಗಿನ ಪೂರ್ವದ ಪಟ್ಟಿ. ಅಲ್ಲೆಲ್ಲ ಕಂದೇ ಬೇಕು, ಮನೆಯಲ್ಲಿರುವ ಕಂದು ಬಣ್ಣ ತಳ ಕಂಡಿದೆ. ಇನ್ನೊಂದು ಟ್ಯೂಬ್ ತಂದ ಮೇಲೆ ಮುಂದಿನ ಕೆಲಸ.