ಮೋಡ ಇದ್ರೂ ಸನ್‌ಸ್ಕ್ರೀನ್

ಬೆಳಿಗ್ಗೆ ಚಿಕ್ಕಮಗಳೂರಿನ ಕೈಮರ ಅನ್ನೋ ಊರಿನ ಹತ್ರ ಮುಳ್ಳಯ್ಯನಗಿರಿಗೆ ಹೊರಟ ಬೈಕ್ ಹುಡುಗರು ಟೀ ಕುಡೀತಿದ್ರು. ಎಲ್ಲಾ ಮೂವತ್ತು ದಾಟಿದ "ಹುಡುಗರು".
ಒಬ್ಬ ಸನ್‌ಸ್ಕ್ರೀನ್ ತೆಗೆದ. "ಮೋಡ ಕವ್ಕೊಂಡಿದೆ, ಅದ್ಯಾಕೋ ಮಾರಾಯ" ಅಂತ ಉಳಿದವರ ನಗು.

ಮೋಡ ಕಾವನ್ನ ತಡೆಯುತ್ತೆ, ಚರ್ಮ ಸುಡೋ ಅತಿನೇರಳೆ ಕಿರಣಗಳನ್ನ ಪೂರ್ತಿ ಅಲ್ಲ. ಮೇಲಾಗಿ ಬೆಟ್ಟ 1,930 ಮೀಟರ್. ಸಾವಿರ ಮೀಟರ್ ಏರಿದ್ರೆ ಆ ಕಿರಣಗಳು ಸುಮಾರು ಶೇ 10 ಹೆಚ್ಚು.

ಹಚ್ಕೊಂಡವನೂ ಕಡಲೆಕಾಳಿನಷ್ಟು ತಗೊಂಡು ಕೆನ್ನೆಗೆ ಸವರಿ ಮುಗಿಸಿದ. ಮುಖಕ್ಕೂ ಕತ್ತಿಗೂ ಸೇರಿ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು. ಕಮ್ಮಿ ಹಚ್ಚಿದ್ರೆ ಟ್ಯೂಬ್ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನೋ ಅಳತೆ) 50 ಅಂತಿದ್ರೂ ಅಷ್ಟು ರಕ್ಷಣೆ ಸಿಗಲ್ಲ. ಹೊರಡೋಕೆ 15 ನಿಮಿಷ ಮುಂಚೆ ಒಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ.

ಮತ್ತೆ ಕಿವಿ! ಗಂಡಸರು ಮರೆಯೋದೇ ಅದು. ಕೂದಲು ಗಿಡ್ಡ, ಹಾಗಾಗಿ ಕಿವಿಯ ಮೇಲಂಚು, ಕತ್ತಿನ ಹಿಂಭಾಗ ಎಲ್ಲಾ ಬಯಲು. ಕೆಲವರಿಗೆ ನೆತ್ತಿಯೂ ಸೇರಿರುತ್ತೆ, ಪಾಪ. ಅಲ್ಲಿಗೆ ಟೋಪಿಯೇ ವಾಸಿ.

ಶೇವ್ ಆದ ಗಲ್ಲಕ್ಕೆ ಉರಿಯುತ್ತೆ ಅನ್ನೋರು ಪರಿಮಳ ಇಲ್ಲದ, ಜಿಂಕ್ ಆಕ್ಸೈಡ್ ಇರೋದು ತಗೊಳ್ಳಿ. ಒಂಚೂರು ಬಿಳಿ ಪದರ ಉಳಿಯುತ್ತೆ, ಅಷ್ಟೇ.