ಎರಡು ಬೆಡ್‌ರೂಮಿಗೆ ಒಂದೇ ಬಾತ್‌ರೂಮು: ಚಿಲಕ ಎಲ್ಲಿರಬೇಕು?

30×40 ಸೈಟಿನಲ್ಲಿ ಜಾಗ ಸಾಲದೆ ಹೋದಾಗ ಪ್ಲಾನಿನಲ್ಲಿ ತಪ್ಪದೆ ಬರುವ ಉಪಾಯ ಇದು: ಎರಡು ಬೆಡ್‌ರೂಮುಗಳ ನಡುವೆ ಒಂದು ಬಾತ್‌ರೂಮು, ಎರಡೂ ಕಡೆಯಿಂದ ಒಂದೊಂದು ಬಾಗಿಲು. ಪ್ಲಾನಿನಲ್ಲಿ ಚೆಂದ ಕಾಣುತ್ತದೆ. ವಾಸಕ್ಕೆ ಹೋದ ಮೇಲೆ ತಕರಾರು ಶುರುವಾಗುವುದು ಚಿಲಕದಿಂದ. ಒಳಗೆ ಹೋದವರು ಎರಡೂ ಚಿಲಕ ಹಾಕಬೇಕು, ಬರುವಾಗ ಎರಡನ್ನೂ ತೆಗೆಯಬೇಕು. ಜನ ತಮ್ಮ ಕಡೆಯದನ್ನು ತೆಗೆದು ಬಂದುಬಿಡುತ್ತಾರೆ. ಆಚೆ ಕೋಣೆಯ ಅಜ್ಜಿ ರಾತ್ರಿ ಎರಡು ಗಂಟೆಗೆ ಬಾಗಿಲು ತಳ್ಳಿದರೆ ಅದು ತೆರೆಯುವುದಿಲ್ಲ. ಒಳಗೆ ನೋಡಿದರೆ ಯಾರೂ ಇಲ್ಲ.

ಬೋರ್ಡು ತೂಗುಹಾಕಿದರೂ ಮರೆವು ಹೋಗದು. ಪ್ಲಾನನ್ನೇ ಬದಲಿಸಬೇಕು. ಬಾತ್‌ರೂಮನ್ನು ಒಣ ಭಾಗ, ಒದ್ದೆ ಭಾಗ ಅಂತ ಎರಡು ಮಾಡಿ. ಬೆಡ್‌ರೂಮಿನ ಬಾಗಿಲುಗಳು ಒಣ ಭಾಗಕ್ಕೆ ತೆರೆಯಲಿ. ಅಲ್ಲಿ ವಾಶ್‌ಬೇಸಿನ್, ಕನ್ನಡಿ. ಕಮೋಡು, ಶವರ್ ಇರುವ ಒದ್ದೆ ಭಾಗಕ್ಕೆ ಒಂದೇ ಬಾಗಿಲು. ಒಳಗಿನ ಚಿಲಕ ಇರುವುದು ಅದಕ್ಕೆ ಮಾತ್ರ, ಹಾಗಾಗಿ ಅದನ್ನು ತೆಗೆಯದೆ ಯಾರೂ ಹೊರಗೆ ಬರಲಾರರು. ಬೆಡ್‌ರೂಮಿನ ಬಾಗಿಲುಗಳಿಗೆ ಚಿಲಕ ಬೆಡ್‌ರೂಮಿನ ಕಡೆಗೆ ಮಾತ್ರ ಇರಲಿ. ಶಾಲೆ, ಆಫೀಸಿನ ಹೊತ್ತಿನಲ್ಲಿ ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಹಲ್ಲುಜ್ಜಬಹುದು.

ಇದಕ್ಕೆ ಒಳಅಳತೆ 5 ಅಡಿ ಅಗಲ, 11 ಅಡಿ ಉದ್ದ ಬೇಕು. ಹೊರಗೋಡೆಯ ಕಡೆ 6 ಅಡಿ ಒದ್ದೆ ಭಾಗ, ಮಧ್ಯೆ 4 ಇಂಚಿನ ಗೋಡೆ, ಉಳಿದದ್ದು ಒಣ ಭಾಗ. ಒಣ ಭಾಗದ ಕೊನೆಯಲ್ಲಿ ಬೇಸಿನ್ ಕಟ್ಟೆಗೆ ಒಂದೂವರೆ ಅಡಿ. ಉಳಿದ ಮೂರು ಅಡಿಯಲ್ಲಿ ಫ್ರೇಮು ಸೇರಿ ಎರಡೂವರೆ ಅಡಿಯ ಬಾಗಿಲು ಸರಿಯಾಗಿ ಕೂರುತ್ತದೆ. ಬೆಡ್‌ರೂಮಿನ ಬಾಗಿಲುಗಳು ಬೆಡ್‌ರೂಮಿನೊಳಕ್ಕೇ ತೆರೆಯಬೇಕು, ಇಲ್ಲದಿದ್ದರೆ ಒಂದಕ್ಕೊಂದು ಡಿಕ್ಕಿ. ಒದ್ದೆ ಭಾಗದಲ್ಲಿ ಕಮೋಡನ್ನು ಪಕ್ಕದ ಗೋಡೆಗೆ ಕೂರಿಸಿ, ಅದರ ನಡುಗೆರೆ ಮಧ್ಯದ ಗೋಡೆಯಿಂದ 18 ಇಂಚು ಇರಲಿ. ಆಗ ಹೊರಗೋಡೆಯ ಕಡೆ ಸ್ನಾನಕ್ಕೆ 3×5 ಅಡಿ ಸಿಗುತ್ತದೆ. ಬಕೆಟ್ ಇಟ್ಟು ಮಣೆ ಹಾಕಿ ಕೂರಲೂ ಸಾಕು.

ಕಷ್ಟ ಇರುವುದು ಒದ್ದೆ ಭಾಗದ ಬಾಗಿಲಿನದು. ಹೊರಕ್ಕೆ ತೆರೆದರೆ ಬೆಡ್‌ರೂಮಿನ ಬಾಗಿಲಿಗೆ ಅಡ್ಡ. ಒಳಕ್ಕೆ ತೆರೆದರೆ ಕಮೋಡಿನ ಮೇಲೆ ಕೂತವರ ಮೊಣಕಾಲಿಗೆ ತಾಗುತ್ತದೆ. ಯಾರಾದರೂ ಒಳಗೆ ಜಾರಿ ಬಿದ್ದು ಬಾಗಿಲಿಗೆ ಅಡ್ಡವಾದರೆ ತೆಗೆಯುವುದೇ ಕಷ್ಟ. ಹಾಗಾಗಿ ಸ್ಲೈಡಿಂಗ್ ಬಾಗಿಲೇ ವಾಸಿ: 28 ಇಂಚಿನ ಕಿಂಡಿ, 30 ಇಂಚಿನ ಬಾಗಿಲು, ಒಣ ಭಾಗದ ಕಡೆ ಮೇಲಿನ ಟ್ರ್ಯಾಕಿಗೆ ನೇತುಹಾಕಿದ್ದು. 5 ಅಡಿ ಗೋಡೆಯ ಅರ್ಧ ಕಿಂಡಿಗೆ, ಅರ್ಧ ಬಾಗಿಲು ಸರಿಯುವುದಕ್ಕೆ. ಆ ಅರ್ಧದಲ್ಲಿ ಸ್ವಿಚ್ ಬೋರ್ಡು, ಟವೆಲ್ ರಾಡು ಏನೂ ಬರಕೂಡದು. ಇದನ್ನು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳದಿದ್ದರೆ ಅವರು ಗೀಸರ್ ಸ್ವಿಚ್ಚನ್ನು ಖಾಲಿ ಕಂಡ ಅಲ್ಲೇ ಕೂರಿಸುತ್ತಾರೆ. ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದದ್ದಿರಲಿ. ಸ್ಲೈಡಿಂಗ್ ಬಾಗಿಲಿನ ಸಂದಿಯಿಂದ ಸದ್ದು ಸ್ವಲ್ಪ ಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಈಗ ಪೈಪಿನ ವಿಷಯ. ಬೇಸಿನ್ನು ಹೊರಗೋಡೆಯಿಂದ ಸುಮಾರು 10 ಅಡಿ ದೂರ. ಪಕ್ಕದ ಎರಡೂ ಗೋಡೆಗಳಲ್ಲಿ ಬಾಗಿಲು ಇರುವುದರಿಂದ ಅದರ ವೇಸ್ಟ್ ಪೈಪನ್ನು ಗೋಡೆಯಲ್ಲಿ ಒಯ್ಯಲಾಗದು, ನೆಲದಡಿಯಲ್ಲೇ ಹೋಗಬೇಕು. 40ಕ್ಕೆ 1ರ ವಾಟ (ಇಳಿಜಾರು) ಹಿಡಿದರೆ 10 ಅಡಿಗೆ 3 ಇಂಚು ಇಳಿಯುತ್ತದೆ. ಆದ್ದರಿಂದ ಮೇಲಿನ ಮಹಡಿಯಾದರೆ ಒದ್ದೆ ಭಾಗವನ್ನಷ್ಟೇ ಅಲ್ಲ, ಪೂರ್ತಿ 5×11 ಅಡಿಯ ಸ್ಲ್ಯಾಬನ್ನು 9ರಿಂದ 12 ಇಂಚು ತಗ್ಗಿಸಿ ಹಾಕಿಸಿ. ಕಾಂಕ್ರೀಟ್ ಬಿದ್ದ ಮೇಲೆ ನೆನಪಾದರೆ ಒಣ ಭಾಗದ ನೆಲ ಬೆಡ್‌ರೂಮಿಗಿಂತ ಒಂದು ಮೆಟ್ಟಿಲು ಎತ್ತರವಾಗುತ್ತದೆ. ಬಿಸಿನೀರು, ತಣ್ಣೀರಿನ ಪೈಪುಗಳು ಬಾಗಿಲಿನ ಲಿಂಟಲ್ ಮೇಲಿನಿಂದ ಬಂದು ಬೇಸಿನ್ನಿಗೆ ಇಳಿಯಲಿ.

ಒಣ ಭಾಗದಲ್ಲೂ ಒಂದು ಫ್ಲೋರ್ ಟ್ರ್ಯಾಪ್ (ನೆಲದ ನೀರು ಹೋಗುವ ಕಿಂಡಿ, ಒಳಗೆ ನಿಂತ ನೀರು ಚರಂಡಿ ವಾಸನೆ ತಡೆಯುತ್ತದೆ) ಇರಲಿ ಅಂತ ಪ್ಲಂಬರ್ ಹೇಳುತ್ತಾರೆ. ಆದರೆ ನೀರೇ ಬೀಳದ ಕಡೆ ಟ್ರ್ಯಾಪಿನಲ್ಲಿ ನಿಂತ ಆ ನೀರು ಕೆಲವು ವಾರಗಳಲ್ಲಿ ಆರಿಹೋಗಿ ಚರಂಡಿಯ ವಾಸನೆ ನೇರ ಬೆಡ್‌ರೂಮಿಗೆ ಬರುತ್ತದೆ. ಹಾಕುವುದಾದರೆ ಬೇಸಿನ್ನಿನ ನೀರು ಅದೇ ಟ್ರ್ಯಾಪಿನ ಮೂಲಕ ಹೋಗುವಂತಿರಲಿ, ಇಲ್ಲವಾದರೆ ಟ್ರ್ಯಾಪೇ ಬೇಡ. ಒದ್ದೆ ಭಾಗದ ಟ್ರ್ಯಾಪು ಹೊರಗೋಡೆಯ ಮೂಲೆಯಲ್ಲಿರಲಿ. ಬಾಗಿಲಿನಿಂದ ಅಲ್ಲಿಗೆ 5 ಅಡಿಗೆ 1 ಇಂಚಿನಂತೆ ವಾಟ. ನೆಲಕ್ಕೆ 2×4 ಅಡಿಯ ದೊಡ್ಡ ಟೈಲ್ಸ್ ಬೇಡ, ಅವು ಎರಡು ಕಡೆಗೆ ವಾಟ ಹಿಡಿಯುವುದಿಲ್ಲ, ನೀರು ನಿಲ್ಲುತ್ತದೆ. 1×1 ಅಡಿಯ ಜಾರದ ಟೈಲ್ಸ್ ಸಾಕು. ಬೆಡ್‌ರೂಮಿಗಿಂತ ಒಣ ಭಾಗ ಅರ್ಧ ಇಂಚು ತಗ್ಗು, ಒಣ ಭಾಗಕ್ಕಿಂತ ಒದ್ದೆ ಭಾಗ ಇನ್ನರ್ಧ ಇಂಚು.

ವಾಟರ್‌ಪ್ರೂಫಿಂಗ್ ಆದ ಮೇಲೆ, ತಗ್ಗನ್ನು ತುಂಬುವ ಮೊದಲು, 2 ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗಿನ ಸೀಲಿಂಗ್ ಜೊತೆಗೆ ಎರಡೂ ಬೆಡ್‌ರೂಮಿನ ಗೋಡೆಯ ಬುಡವನ್ನೂ ನೋಡಿ. ಇಲ್ಲಿ ಸೋರಿಕೆ ಅಂದರೆ ಒಟ್ಟಿಗೆ ಎರಡು ವಾರ್ಡ್‌ರೋಬ್ ಹಾಳು.

ಗಾಳಿಗೆ ಹೊರಗೋಡೆಯಲ್ಲಿ 2×2 ಅಡಿಯ ಕಿಟಕಿ, ಪಕ್ಕದಲ್ಲೇ ಎಕ್ಸಾಸ್ಟ್ ಫ್ಯಾನು. ಒಣ ಭಾಗಕ್ಕೆ ಕಿಟಕಿ ಇಲ್ಲ, ಅದಕ್ಕೆ ಮಧ್ಯದ ಗೋಡೆಯ ಮೇಲ್ಭಾಗದಲ್ಲಿ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಬಿಡಿಸಿ. ಕಿಟಕಿ ಮುಚ್ಚಿ ಫ್ಯಾನು ಓಡಿಸಿದಾಗ ಅದು ಗಾಳಿಯನ್ನು ಬೆಡ್‌ರೂಮಿನ ಕಡೆಯಿಂದ ಒಳಕ್ಕೆ ಎಳೆಯುತ್ತದೆ, ವಾಸನೆ ಹಿಂದಕ್ಕೆ ಬರುವುದಿಲ್ಲ. ಒಣ ಭಾಗದ ಲೈಟಿಗೆ ಎರಡೂ ಬೆಡ್‌ರೂಮಿನಿಂದ ಟೂ-ವೇ ಸ್ವಿಚ್. ಗೀಸರ್ ಸ್ವಿಚ್ಚು ಒಣ ಭಾಗದಲ್ಲಿ, ನಲ್ಲಿಯಿಂದ ದೂರ. ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಕಡ್ಡಾಯ.

ಸದ್ದಿಗೆ ಬೆಡ್‌ರೂಮಿನ ಕಡೆಯ ಗೋಡೆಗಳು 6 ಇಂಚಿನ ಬ್ಲಾಕಿನವಾಗಲಿ. ಮಂಚದ ತಲೆಭಾಗ ಆ ಗೋಡೆಗೆ ಬೇಡ, ವಾರ್ಡ್‌ರೋಬ್ ಬರಲಿ.

ಜಾಗದ ಲೆಕ್ಕದಲ್ಲಿ ಉಳಿಯುವುದು ಕಡಿಮೆ. ಇದು 55 ಚದರ ಅಡಿ. 5×7ರ ಎರಡು ಅಟ್ಯಾಚ್ಡ್ ಬಾತ್‌ರೂಮುಗಳಿಗೆ 70. ಆ ಹದಿನೈದು ಚದರ ಅಡಿ ಹೇಗಾದರೂ ಹೊಂದುವುದಾದರೆ ಎರಡು ಬಾತ್‌ರೂಮು ಕಟ್ಟಿಸುವುದೇ ಮೇಲು. ಈಗಾಗಲೇ ಎರಡು ಬಾಗಿಲಿನ ಬಾತ್‌ರೂಮು ಇರುವವರು ಎರಡೂ ಬಾಗಿಲು ಮುಚ್ಚಿಸಿ, ಕಾರಿಡಾರಿಗೆ ತಾಗಿದ ಗೋಡೆ ಇದ್ದರೆ ಅಲ್ಲಿಂದ ಹೊಸ ಬಾಗಿಲು ತೆಗೆಸುವುದು ಸುಲಭ. ಅದೂ ಆಗದಿದ್ದರೆ ಎರಡೂ ಚಿಲಕ ಕಿತ್ತು ಕೆಂಪು-ಹಸಿರು ತೋರಿಸುವ, ಹೊರಗಿನಿಂದ ನಾಣ್ಯದಲ್ಲಿ ತೆಗೆಯುವ ಲಾಕು ಹಾಕಿಸಿ. ಆಗ ಮರೆತು ಹೋದ ಚಿಲಕವನ್ನು ಆಚೆ ಕೋಣೆಯವರೇ ತೆಗೆದುಕೊಳ್ಳಬಹುದು, ತಟ್ಟಿ ನೋಡಿದ ಮೇಲೆ.